ಬಿದ್ದ ಗೋಡೆಗೊಂದು ಗೇಟು

ಜೂನ್ ೪, ಬೆಳಿಗ್ಗೆ
ಗಾರೆ ಕಲಸಿದ್ದಾಯಿತು. ಶಾಲೆಯ ಹಿಂದಿನ ಗೋಡೆ ಒಂದು ಕಡೆ ಬಿದ್ದಿದೆ, ಮುಚ್ಚಬೇಕು. ಸಂದಿನಾಚೆ ಗಲ್ಲಿ. ಗಲ್ಲಿಯಾಚೆ ವೈನ್ ಶಾಪ್. ಬಿಸಿಲು ಆ ಸಂದಿನಲ್ಲಿ ಯಾರದೋ ದಾರಿ ಕಾಯುವ ಹಾಗೆ ನಿಂತಿತ್ತು. ಕರಣೆ ಹಿಡಿದು ಸುಮ್ಮನೆ ನೋಡುತ್ತ ಕೂತೆ. ಕೆಲಸಗೇಡಿ ಬುದ್ಧಿ.

ಸಂಜೆ
ಮೊಮ್ಮಗಳು ಆ ಸಂದಿನಿಂದಲೇ ಬಂದಳು. ಇದೇ ಶಾಲೆ, ಹತ್ತನೇ ಕ್ಲಾಸು. ನಡಿಗೆ ತೇಲುತ್ತಿತ್ತು. ಹತ್ತಿರ ಬಂದರೆ ವಾಸನೆ.
"ಏನೇ ಇದು?"
"ಜ್ಯೂಸ್, ತಾತ."
"ನನ್ನ ಮೂಗು ಇನ್ನೂ ಸತ್ತಿಲ್ಲ ಕಣೇ."
ಬಾಯಿಗೆ ಬಂದಂತೆ ಬೈದೆ. ನಕ್ಕಳು. ಆಮೇಲೆ ವಾಂತಿ. ಅವಳ ತಲೆ ಹಿಡಿದುಕೊಂಡೆ. ಕೂದಲು ಎಳೆಮಗುವಿನ ಕೂದಲ ಹಾಗೇ ಮೆತ್ತಗೆ...

ಜೂನ್ ೫
ಅವಳು ಮಾತು ಬಿಟ್ಟಿದ್ದಾಳೆ. ವೈನ್ ಶಾಪಿನವನ ಮೇಲೆ ಜಗಳಕ್ಕೆ ಹೋದೆ.
"ಮಕ್ಕಳಿಗೆ ಕೊಡ್ತೀಯಲ್ಲೋ, ನಾಚಿಕೆ ಇಲ್ವಾ?"
"ಲೈಸೆನ್ಸ್ ಇದೆ ಅಜ್ಜ. ಶಾಲೆ ಗೇಟಿಂದ ಇಲ್ಲಿಗೆ ನಡೆಯೋ ದಾರಿ ಅಳೆದೇ ಕೊಟ್ಟಿದಾರೆ. ಕಾನೂನಿಗೆ ಬೇಕಾದಷ್ಟು ದೂರ ಇದೆ. ನೀನು ಗೋಡೆ ಕಟ್ಕೊ ಹೋಗು."
ಕಟ್ಟಿದರೂ ಮಕ್ಕಳು ಹಾರಿ ಬರುತ್ತವೆ. ಅಳೆಯುವುದು ಗೇಟಿನಿಂದ ಅಂದ. ಗೇಟು —

ಜೂನ್ ೯
ಮಧ್ಯಾಹ್ನ ಕಣ್ಣು ಹತ್ತಿತು. ಕನಸಿನಲ್ಲಿ ಗೋಡೆ ನೀರಾಗಿ ನಿಂತಿತ್ತು, ಮಕ್ಕಳು ನೆನೆಯದೆ ದಾಟುತ್ತಿದ್ದವು. ಎದ್ದವನೇ ಹೆಡ್‌ಮಿಸ್ ಹತ್ತಿರ ಹೋದೆ.
"ಗೋಡೆ ಬೇಡ. ಅಲ್ಲಿ ಗೇಟ್ ಇಡ್ತೀನಿ."
"ವೈನ್ ಶಾಪ್ ಕಡೆಗಾ? ತಲೆ ನೆಟ್ಟಗಿದೆಯಾ?"
"ಅಲ್ಲಿಂದ ಅಳೆದ್ರೆ ಅಂಗಡಿ ಎತ್ತಲೇಬೇಕು, ಮೇಡಂ."
ಆಕೆ ಕಾಗದ ಎಳೆದುಕೊಂಡರು. "ಅರ್ಜಿ ನಾನು ಹಾಕ್ತೀನಿ. ಆದ್ರೆ ಓಡಾಡೋ ದಾರಿ ಆದ್ರೇನೇ ಅಳೆಯೋದು; ಮಕ್ಕಳು ಅಲ್ಲಿ ಓಡಾಡ್ತಾರೆ ಅಂತ ಯಾರಾದ್ರೂ ಹೇಳ್ಬೇಕಾಗತ್ತೆ."

ಜೂನ್ ೨೪
ಗೇಟು ನಿಂತಿದೆ. ಅಬಕಾರಿ ಸಾಹೇಬ ಟೇಪು ತಂದ. ಅಂಗಡಿಯವನೂ ಬಂದ.
"ಸಾರ್, ಇದು ಮೊನ್ನೆ ಇಟ್ಟಿದ್ದು. ಈ ಕಡೆ ಒಂದು ಮಗುವೂ ಬರಲ್ಲ."
"ಬರ್ತಾರೆ ಅಂತ ಯಾರು ಹೇಳ್ತೀರಿ?" ಅಂದ ಸಾಹೇಬ.
ನಾಲಗೆ ತುದಿಗೆ ಬಂದಿತ್ತು. ಹೇಳಿದರೆ ಮೊಮ್ಮಗಳ ಮಾನ ಬೀದಿಗೆ. ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ.
ಅಂಗಳದ ಬೆಳಕಿನೊಳಗಿಂದ ಅವಳೇ ನಡೆದು ಬಂದಳು. ನನ್ನ ಕಡೆ ನೋಡಲಿಲ್ಲ.
"ನಾನ್ ಬರ್ತಿದ್ದೆ ಸಾರ್, ಗೋಡೆ ಬಿದ್ದಾಗಿಂದ. ಏನ್ ಕೊಡ್ತಿದ್ರು ಅಂತ ಈ ಅಂಕಲ್‌ನೇ ಕೇಳಿ."
ಸಾಹೇಬ ಟೇಪಿನ ತುದಿಯನ್ನು ಗೇಟಿಗೆ ಸಿಕ್ಕಿಸಿದ.
ಇಬ್ಬರೂ ಒಟ್ಟಿಗೆ ಮನೆಗೆ ಬಂದೆವು. ಬೀದಿ ಎಲ್ಲೋ ಕೆಳಗೆ ಹರಿದ ಹಾಗೆ. ಈಗ ಪಕ್ಕದಲ್ಲೇ ಕೂತಿದ್ದಾಳೆ.
"ತಾತ, ನನ್ನ ಬಗ್ಗೆ ಏನ್ ಬರೀತಿದೀಯ?"
ಏನೆಂದು ಹೇಳಲಿ. ಇವಳು ನನ್ನ —