ಮೇಜಿನ ಮೇಲಿನ ಕರಡಿಗೆ

ಹೊಸಪೇಟೆ
ಬುಧವಾರ, ೧೫ ಫೆಬ್ರವರಿ ೧೯೩೯

ಮುದ್ದಿನ ಕೊಟ್ರಬಸಮ್ಮನಿಗೂ ಇನ್ನೂ ಹೆಸರಿಡದ ಮೊಮ್ಮಗನಿಗೂ ಅಪ್ಪನ ಆಶೀರ್ವಾದ.

ಮದರಾಸಿನಿಂದ ನಿನ್ನೆ ಬಂದಿಳಿದೆ. ನಿನ್ನವ್ವ ಇಲ್ಲದ್ದಕ್ಕೆ ಬಾಣಂತನ ಕಂಪ್ಲಿಯ ನಿನ್ನ ಗಂಡನ ಮನೆಯಲ್ಲೇ ಆಯಿತು. ಶುಕ್ರವಾರದ ತೊಟ್ಟಿಲಿಗಾದರೂ ನಾನಿರಬೇಕೆಂದು ಓಡಿ ಬಂದರೆ, ಸ್ಟೇಷನ್ನಿನಲ್ಲಿ ನಿನ್ನ ಮಾವ ತೋಟಪ್ಪನವರ ಗಿರಣಿಯ ಜಡೆಪ್ಪ ನಿಂತಿದ್ದ. "ನಾ ಹೇಳಿದ್ದಲ್ರಿ ಯಪ್ಪಾ, ಅವ್ರು ಹೇಳಿ ಕಳಿಸ್ಯಾರ್ರಿ. ಲಿಂಗ ತೆಗೆದಿಟ್ಟು ಪೀಪಿ ಊದೋ ಬೀಗರು ನಮ್ಮ ಪಂಕ್ತಿಗೆ ಬರೋದು ಬ್ಯಾಡಂತ್ರಿ."

ಪೀಪಿಯಲ್ಲ ಮಗಳೇ, ಸ್ಯಾಕ್ಸೊಫೋನು. ಸಂಡೂರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು ಮದರಾಸಿನ ಹೋಟೆಲಿನಲ್ಲಿ ದೊರೆಗಳ ಕುಣಿತಕ್ಕೆ ಜಾಝ್ ನುಡಿಸಿದೆ. ಈಗ ಗ್ರಾಮಾಫೋನ್ ಸ್ಟುಡಿಯೋದವರು ಕರೆದ ದಿನ, ಯಾರ ಹಾಡಿಗಾದರೂ ಸರಿ, ಊದಿ ಬರುತ್ತೇನೆ. ಪ್ಲೇಟಿನ ಮೇಲೆ ನನ್ನ ಹೆಸರಿರುವುದಿಲ್ಲ. ಕಾಲೇಜಿನ ಇಂಗ್ಲಿಷಿನಲ್ಲಿ ಇಂಥವರಿಗೊಂದು ಚಂದದ ಮಾತಿತ್ತು, ಅನ್‌ಸಂಗ್ ಏನೋ, ಇರಲಿ.

ನಡೆದದ್ದು ಇಷ್ಟು. ಆ ವಾದ್ಯವನ್ನು ಪಟ್ಟಿ ಹಾಕಿ ಕೊರಳಿಗೆ ತೂಗಿಕೊಳ್ಳಬೇಕು. ಲಿಂಗದ ಬೆಳ್ಳಿ ಕರಡಿಗೆಯೂ ಅಲ್ಲೇ. ಬಾಗಿದಾಗೆಲ್ಲ ವಾದ್ಯಕ್ಕೆ ತಾಗಿ ಟಿಕ್ ಟಿಕ್. ಹೋಟೆಲಿನ ಗದ್ದಲದಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ರೆಕಾರ್ಡಿಂಗಿನ ಮೇಣದ ತಟ್ಟೆಗೆ ಎಲ್ಲ ಕೇಳುತ್ತದೆ. ಸ್ಟುಡಿಯೋದ ಸಾಹೇಬ ಅದನ್ನು ತೆಗೆ, ಇಲ್ಲವೇ ಹೊರಡು ಅಂದ. ನಾನು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಬಿಗಿದೆ, ಮೇಲೆ ಕೋಟು ಹಾಕಿದೆ. ಖಾಲಿ ಕರಡಿಗೆ ಮೇಜಿನ ಮೇಲಿತ್ತು. ಆ ಹೊತ್ತಿಗೇ ನನ್ನನ್ನು ನೋಡಲು ಬಂದ ನಿಮ್ಮೂರ ಸಾವುಕಾರ ವಿರೂಪಾಕ್ಷಪ್ಪನಿಗೆ ಕರಡಿಗೆ ಕಂಡಿತು, ತೋಳು ಕಾಣಲಿಲ್ಲ. ಕಂಡಷ್ಟನ್ನೇ ಊರಿಗೆ ಬಂದು ಹೇಳಿದ. ಇದನ್ನು ಲಾಜಿಕ್ ಕ್ಲಾಸಿನಲ್ಲಿ ಏನೋ ಫ್ಯಾಲಸಿ ಅನ್ನುತ್ತಿದ್ದರು, ಹೆಸರು ಹಾರಿಹೋಗಿದೆ.

ತೋಳಿಗೆ ಕಟ್ಟಿದರೂ ಅದು ಧಾರಣೆಯೇ. ಹೊಲದಲ್ಲಿ ಬಗ್ಗಿ ದುಡಿಯುವಾಗ ನಮ್ಮಜ್ಜ ಹಾಗೇ ಕಟ್ಟುತ್ತಿದ್ದ. ನಿನ್ನ ಮಾವನವರಿಗೆ ಹೇಳು, ಶುಕ್ರವಾರ ಸ್ಯಾಕ್ಸೊಫೋನು ಹಿಡಿದೇ ಬರುತ್ತೇನೆ. ತೊಟ್ಟಿಲ ಮುಂದೆ ಊದುತ್ತೇನೆ, ಆಮೇಲೆ ಅವರ ಪಕ್ಕದಲ್ಲೇ ಕೂತು ಉಣ್ಣುತ್ತೇನೆ.

ನಿನ್ನ ಅಪ್ಪ,
ದೊಡ್ಡಬಸಪ್ಪ

ಮರೆತ ಮಾತು: ತೋಳಿಗೆ ಕಟ್ಟಿದ ಮೇಲೂ ಆ ತಟ್ಟೆ ಕೆಟ್ಟಿತು. ಹಾಡಿನ ನಡುವೆ ಎದೆ ಬರಿದೆನಿಸಿ, ವಾದ್ಯದ ಗುಂಡಿ ಬಿಟ್ಟು ಕೈ ತಾನಾಗಿ ತೋಳು ಮುಟ್ಟಿ ನೋಡಿತು. ಸಾಹೇಬ ಬೇರೆಯವನನ್ನು ಇಟ್ಟುಕೊಂಡಿದ್ದಾನೆ. ಇನ್ನೊಂದು ಸ್ಟುಡಿಯೋದವರು ಕರೆದೇ ಕರೆಯುತ್ತಾರೆ. ಮದರಾಸಿನಲ್ಲಿ ನನ್ನಂತೆ ಊದುವವರು ಎಷ್ಟು ಮಂದಿ ಇದ್ದಾರೆ? ಆದರೆ ಇದನ್ನು ಮಾವನವರ ಮುಂದೆ ಆಡಬೇಡ. ಕೆಲಸ ಹೋಯಿತೆಂದು ಕನಿಕರಪಟ್ಟು ಒಳಗೆ ಕರೆದಾರು. ಆ ಊಟ ನನಗೆ ಬೇಡ.