ಅಪ್ಪನ ಪರ್ಸೆಂಟು

ಮಾರ್ಚ್ 3, ಬೆಳಿಗ್ಗೆ

ಅಂಗಡಿ ತೆರೆದೆ. ಶಾಲೆ ಬಿಟ್ಟಮೇಲೆ ಇದು ನಾಲ್ಕನೆಯ ಕೆಲಸ. ಜೆರಾಕ್ಸ್ ಮೆಷಿನ್ ಬಿಸಿಯಾಗುವವರೆಗೆ ಬರೆಯುತ್ತೇನೆ.

ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ — ಅಪ್ಪನಿಗೆ ಅಂಗವೈಕಲ್ಯದ ಪರ್ಸೆಂಟು ಕಡಿಮೆ ಬಂದದ್ದು ನನ್ನಿಂದ. ಸೈನ್ಯದ ಮೆಡಿಕಲ್ ಬೋರ್ಡಿನಲ್ಲಿ ಡಾಕ್ಟರು ನನ್ನನ್ನೇ ಕೇಳಿದರು, ಮೆಟ್ಟಿಲು ಹತ್ತುತ್ತಾರಾ ಅಂತ. ಹತ್ತುತ್ತಾರೆ ಅಂದೆ. ಸುಳ್ಳಲ್ಲ. ಹತ್ತಿದ ಮೇಲೆ ಕಂಬಿ ಹಿಡಿದು ಅರ್ಧ ಗಂಟೆ ಕೂರುತ್ತಾರೆ — ಅದನ್ನು ಹೇಳಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಅಮ್ಮನಿಗೆ, ನನ್ನನ್ನೇನೂ ಕೇಳಲಿಲ್ಲ ಅಂದೆ. ಅದು ಪೂರ್ತಿ ಸುಳ್ಳು.

ಮಂಡಿಗೆ ಮೂವತ್ತು, ಫಿರಂಗಿ ಸದ್ದಿಗೆ ಹೋದ ಕಿವಿಗೆ ಇಪ್ಪತ್ತು ಬರೆದರು. ಮರುಪರೀಕ್ಷೆ ಈ ತಿಂಗಳ 19ಕ್ಕೆ.

ಮಾರ್ಚ್ 9

ಲಾರಿ ಮಾವ ಬಂದಿದ್ದರು. ಅಪ್ಪನ ಜೊತೆ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಮೂವತ್ತೂ ಇಪ್ಪತ್ತೂ ಸೇರಿ ಐವತ್ತು ಆಗುವುದಿಲ್ಲವಂತೆ.

"ಮೂವತ್ತು ಹೋದ್ರೆ ನಿಮ್ಮಪ್ಪ ಉಳಿದಿದ್ದು ಎಪ್ಪತ್ತು. ಆ ಎಪ್ಪತ್ತರಲ್ಲಿ ಇಪ್ಪತ್ತು ಪರ್ಸೆಂಟ್ ತೆಗಿ, ಹದಿನಾಲ್ಕು. ಒಟ್ಟು ನಲವತ್ನಾಲ್ಕು. ಅದನ್ನ ಹತ್ತಿರದ ಹತ್ತಕ್ಕೆ ಇಳಿಸಿ ನಲವತ್ತು ಅಂತ ಬರೀತಾರೆ."

"ಶಾಲೆ ಬಿಟ್ಟಿದ್ದೇ ವಾಸಿ ಮಾವ."

"ಆ ನಾಲ್ಕು ಎಲ್ಲಿಗೆ ಹೋಯ್ತೋ?" ಅಪ್ಪ ಜೋರಾಗಿ.

"ರಜೆ ಮೇಲೆ ಹೋಗಿದೆ, ಸುಮ್ನಿರು."

ಐವತ್ತು ಮುಟ್ಟಿದರೆ ಸೈನಿಕರ ಆಸ್ಪತ್ರೆಯಲ್ಲಿ ಮಂಡಿಗೆ ಆರು ವಾರ ಚಿಕಿತ್ಸೆ. ಇಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಇನ್ನೂ ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ಕಾಲು ಮಡಚುವುದೇ ನಿಂತುಹೋದರೆ...

ಮಾರ್ಚ್ 18

ಮನೆಯಲ್ಲಿ ರಿಹರ್ಸಲ್. ನಾನು ಡಾಕ್ಟರು.

"ನೋವು ಹೇಗಿದೆ?"

"ಪರವಾಗಿಲ್ಲ ಸಾರ್."

"ಅಪ್ಪಾ..."

"ಬಾಯಿಗೆ ಬರಲ್ಲ ಕಣೇ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಅದನ್ನೇ ಹೇಳಿದ್ದು."

"ನನ್ನ ಹತ್ರ ಮಾತ್ರ ಎಲ್ಲಾ ನೋವೂ ಬಾಯಿಗೆ ಬರುತ್ತೆ," ಒಳಗಿನಿಂದ ಅಮ್ಮ.



ಮಾರ್ಚ್ 19, ಸಂಜೆ

ಡಾಕ್ಟರ ಹೆಗಲ ಮೇಲೆ ಸೈನ್ಯದ ಅಧಿಕಾರಿಯ ನಕ್ಷತ್ರಗಳು. ಅವು ಕಂಡದ್ದೇ ತಡ, ಅಪ್ಪ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತರು.

"ಚೆನ್ನಾಗಿದ್ದೀನಿ ಸಾರ್."

ಡಾಕ್ಟರು ಬರೆಯತೊಡಗಿದರು.

"ಇಲ್ಲ ಸಾರ್," ಅಂದೆ.

ಎಲ್ಲ ಹೇಳಿದೆ. ಕಂಬಿ, ಅರ್ಧ ಗಂಟೆ, ಬಚ್ಚಲಲ್ಲಿ ಎರಡು ಸಲ ಬಿದ್ದದ್ದು, ಕಾಲುಚೀಲವನ್ನೂ ಅಮ್ಮನೇ ಹಾಕುವುದು. ಕಳೆದ ಸಲ ನಾನು ಅರ್ಧ ನುಂಗಿದ್ದೂ. ಅಪ್ಪ ಗೋಡೆ ನೋಡುತ್ತಿದ್ದರು. ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತರು.

ಮನೆಗೆ ಬಂದು ಅಮ್ಮನಿಗೂ ಹೇಳಿಬಿಟ್ಟೆ. "ಎರಡು ವರ್ಷ ಹೊಟ್ಟೇಲಿಟ್ಟುಕೊಂಡು ಹೇಗೆ ಉಂಡ್ಯೇ?" ಅಂದಳು. ಅಷ್ಟೇ.

ಏಪ್ರಿಲ್ 2

ಅಪ್ಪ ಇನ್ನೂ ಮಾತಾಡಿಲ್ಲ. ನಾನು ಒಳಗೆ ಬಂದರೆ ಕಿವಿಯ ಮೆಷಿನ್ ತೆಗೆದಿಡುತ್ತಾರೆ.

ಏಪ್ರಿಲ್ 27

ಪತ್ರ ಬಂತು. ಮಂಡಿಗೆ ನಲವತ್ತು. ಉಳಿದ ಅರವತ್ತರಲ್ಲಿ ಕಿವಿಗೆ ಹನ್ನೆರಡು. ಐವತ್ತೆರಡು — ಅಂದರೆ ಐವತ್ತು. ಮೂರು ಸಲ ಕೂಡಿಸಿ ನೋಡಿದೆ.

ಮೇ 11

ಆಸ್ಪತ್ರೆಯ ಫಾರಂ. ಜೊತೆಗಿರುವವರು ಯಾರು ಅಂತ ಒಂದು ಕಾಲಂ. ಅಮ್ಮ ಆಗಲೇ ತನ್ನ ಬ್ಯಾಗು ಅಟ್ಟದಿಂದ ಇಳಿಸಿದ್ದಳು. ಅಪ್ಪ ಪೆನ್ನು ತಗೊಂಡು ನನ್ನ ಹೆಸರು ಬರೆದರು.

"ಇವಳ್ಯಾಕೆ?" ಅಂದಳು ಅಮ್ಮ.

"ಡಾಕ್ಟರನ್ನ ಕಂಡ್ರೆ ನಾನು ಮತ್ತೆ ಚೆನ್ನಾಗಿದ್ದೀನಿ ಅಂದುಬಿಡ್ತೀನಿ," ನನ್ನ ಕಡೆ ನೋಡದೆ ಅಂದರು. "ಇವಳು ಬಿಡಲ್ಲ."

ನಾಳೆ ಆರೂವರೆಯ ಬಸ್ಸಿಗೆ ಹೊರಡುತ್ತೇವೆ.