ಅರ್ಧಕ್ಕೆ ನಿಂತ ಚೀಟಿ

ಕುಷ್ಟಗಿ
೧೪ ಜುಲೈ ೨೦೨೪

ಪ್ರೀತಿಯ ರಂಜಿತಾ,

ಚೆನ್ನಾಗಿದ್ದೀ ಅಂದುಕೊಂಡಿದ್ದೇನೆ. ನಿನ್ನ ಮದುವೆಯ ಮಾತು ತಿಳಿದು ಇಪ್ಪತ್ತು ದಿನವಾಯಿತು, ಈಗ ಬರೆಯುತ್ತಿದ್ದೇನೆ. ಅಕ್ಕನನ್ನು ಬೈದುಕೊಂಡು ಮುಂದೆ ಓದು. ನಿನಗೆ ಫೋನು ಮಾಡಿದರೆ ಅವ್ವ ಸ್ಪೀಕರಿಗೆ ಹಾಕಿ ಅಳವಂಡಿ ಊರಿಗೆಲ್ಲ ಕೇಳಿಸುತ್ತಾಳೆ. ಅದಕ್ಕೇ ನಿನ್ನ ಆಫೀಸಿಗೆ ಈ ಕಾಗದ.

ಸುಭಾಷ್ ಒಳ್ಳೆಯ ಹುಡುಗ. ಅವ್ವನ ಅಣ್ಣ ವಿರುಪಣ್ಣ ಮಾವನ ಮಗ, ಕಣ್ಣೆದುರು ಬೆಳೆದವನು. ನಾನು ಅವ್ವನ ಕೊನೆಯ ತಮ್ಮ ವೆಂಕಟೇಶ ಮಾವನನ್ನು ಕಟ್ಟಿಕೊಂಡಾಗಲೂ ಎಲ್ಲರೂ ಇದನ್ನೇ ಅಂದಿದ್ದರು. ನಿಶ್ಚಯಕ್ಕೆ ಮುಂಚೆ ನೀವಿಬ್ಬರೂ ನನ್ನ ಕೂಸು ಅಮೃತಾಳಿಗಿರುವ ಥಲಸ್ಸೇಮಿಯಾದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ನಾನು ಕೇಳುವುದು ಇಷ್ಟೇ.

ಅವ್ವನಿಗೂ ಹೇಳಿ ನೋಡಿದೆ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ನನ್ನ ತವರಿನ ರಕ್ತದಾಗ ಖೋಡಿ ಹುಡುಕಾಕ ಹತ್ತೀಯೇನು? ಪರೀಕ್ಷಾ ಅಂದ್ರ ಅಣ್ಣ ನಮ್ಮ ಮನಿ ಹೊಸ್ತಲಾ ತುಳಿಯಂಗಿಲ್ಲ" ಅಂದಳು. ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ.

ಅಮೃತಾಳ ಜೀನ್ ರಿಪೋರ್ಟ್ ಬಂದ ಮೇಲೆ, ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನಾನೇ ಮತ್ತೆ ಓದಲು ಕೂತೆ. ಹಿಮೋಗ್ಲೋಬಿನ್ ಕಟ್ಟಲು ಜೀನಿನಿಂದ ಒಂದು ಚೀಟಿ ಹೊರಡುತ್ತದೆ, ಅದೇ ಆರ್‌ಎನ್‌ಎ. ಅದು ತುಂಡುಗಳನ್ನು ಜೋಡಿಸಿ ಮಾಡಿದ್ದು. ಜೋಡಣೆಯ ಹತ್ತಿರ ಕೆಲವು ಪ್ರೋಟೀನುಗಳು, ಅವ್ವ ರವಿಕೆ ಹೊಲಿಯುವಾಗ ಚುಚ್ಚುವ ಗುಂಡುಪಿನ್ನಿನ ಹಾಗೆ, ಕಚ್ಚಿಕೊಂಡಿರುತ್ತವೆ. ಚೀಟಿ ಓದುತ್ತ ಹೋದಂತೆ ಪಿನ್ನುಗಳು ಕಳಚುತ್ತವೆ. ನಮ್ಮ ಮನೆತನದ ಚೀಟಿಯಲ್ಲಿ ನಡುವೆಯೇ 'ನಿಲ್ಲು' ಎಂಬ ತಪ್ಪು ಸೂಚನೆಯಿದೆ. ಓದು ಅಲ್ಲೇ ನಿಲ್ಲುತ್ತದೆ, ಮುಂದಿನ ಪಿನ್ನು ಉಳಿಯುತ್ತದೆ. ಯುಪಿಎಫ್-೧ ಎಂಬ ಇನ್ನೊಂದು ಪ್ರೋಟೀನು ಆರ್‌ಎನ್‌ಎಯನ್ನು ಹಿಡಿದುಕೊಂಡಿರುತ್ತದೆ. ಉಳಿದ ಪಿನ್ನಿನ ಸುಳಿವು ಸಿಕ್ಕರೆ ಚೀಟಿಯನ್ನೇ ನಾಶಕ್ಕೆ ಒಪ್ಪಿಸುತ್ತದೆ. ಅದರ ತಪ್ಪೇನಿಲ್ಲ, ಅರ್ಧಂಬರ್ಧ ಪ್ರೋಟೀನು ಜೀವಕೋಶವನ್ನು ಕೆಡಿಸಬಾರದಲ್ಲ. ತಾಯಿಯಿಂದೊಂದು, ತಂದೆಯಿಂದೊಂದು ಬರುವ ಜೀನುಗಳಲ್ಲಿ ಒಂದು ಸರಿಯಿದ್ದರೆ ನನ್ನಂತೆ, ವೆಂಕಟೇಶ ಮಾವನಂತೆ ಗಟ್ಟಿಮುಟ್ಟಾಗಿ ಇರಬಹುದು. ತಪ್ಪು ಎರಡೂ ಕಡೆಯಿಂದ ಬಂದರೆ ಹಿಮೋಗ್ಲೋಬಿನ್ನೇ ಸಾಲದೆ ಅಮೃತಾಳ ಹಾಗೆ.

ಗುರುವಾರ ಕೊಪ್ಪಳದಲ್ಲಿ ಅವಳಿಗೆ ರಕ್ತ ಹಾಕಿಸಿಕೊಂಡು ಬಂದೆ. ಮೂರು ವಾರಕ್ಕೊಮ್ಮೆ ತಪ್ಪಿದ್ದಲ್ಲ. ನರ್ಸ್ ಖೈರುನಬಿಗೆ ನರ ಸಿಗಲಿಲ್ಲ. ನಾಲ್ಕು ವರ್ಷದ ಕೂಸು ತಾನೇ, "ಈ ಕೈ ಬ್ಯಾಡ್ರಿ, ಆ ಕೈ ನೋಡ್ರಿ" ಅಂದಿತು. ನಾನು ಹೊರಗೆ ಬಂದು ಅತ್ತೆ.

ಮಾವ ಬಸ್ಸಿನ ಡ್ಯೂಟಿ ಮುಗಿಸಿ ಬಂದು ಉಂಡು ಮಲಗುತ್ತಾನೆ. ಕಾಲೇಜಿನಲ್ಲಿ ಅರವತ್ತು ಮಕ್ಕಳು ನನ್ನ ಮಾತು ಬರೆದುಕೊಳ್ಳುತ್ತಾರೆ, ಮನೆಯಲ್ಲಿ ಕೇಳುವವರು ಒಬ್ಬರೂ ಇಲ್ಲ. ಭಾಳ ಒಂಟಿಯಾಗಿದ್ದೇನೆ, ರಂಜಿ.

ಯಾರನ್ನೇ ಮದುವೆಯಾಗು, ನಿನ್ನ ಮನೆಯಲ್ಲಿ ನಗು ಇರಲಿ, ಮಕ್ಕಳು ಓಡಾಡಿಕೊಂಡಿರಲಿ.

ನಿನ್ನ ಅಕ್ಕ,
ಸುರೇಖಾ

ಮರೆತ ಮಾತು: ಮೇ ತಿಂಗಳಲ್ಲಿ ಗರ್ಭ ತಾನಾಗಿ ಹೋಯಿತೆಂದು ಎಲ್ಲರಿಗೂ ಹೇಳಿದ್ದೆ. ಹಾಗಲ್ಲ. ತರಬೇತಿಯೆಂದು ಸುಳ್ಳು ಹೇಳಿ ಎರಡು ಸಲ ಹುಬ್ಬಳ್ಳಿಗೆ ಹೋಗಿದ್ದೆ. ಪರೀಕ್ಷೆಯಲ್ಲಿ ಅದಕ್ಕೂ ಇದೇ ಕಾಯಿಲೆಯೆಂದು ಬಂತು. ನಾನೇ ತೆಗೆಸಿಕೊಂಡೆ. ಮಾವನಿಗೂ ಗೊತ್ತಿಲ್ಲ. ಆರೈಕೆಗೆ ಬಂದ ಅವ್ವ, ನಾನು ಅಮೃತಾಳನ್ನು ಎತ್ತಿಕೊಂಡು ತಿರುಗಿದ್ದಕ್ಕೇ ಹೀಗಾಯಿತೆಂದು ಮಗುವಿನ ಎದುರಿಗೇ ಅಂದಳು. ನಾನು ಸುಮ್ಮನಿದ್ದೆ. ಈಗ ಎತ್ತಿಕೊಳ್ಳಲು ನಾನೇ ಕೈ ಚಾಚಿದರೂ ಅಮೃತಾ ಬರುವುದಿಲ್ಲ. "ನಾ ನಡೀತೀನಬೇ" ಅಂತಾಳೆ.